ಗಾಜು ತೆಗೆದ ಚಿತ್ರ

ಕೆನಡಾದ ಥಂಡರ್ ಬೇ ಊರಿನ ಕಣ್ಣು ಕಾಣದ ಪುಟಾಣಿಗಳ ಶಾಲೆಯಲ್ಲಿ ಚಿತ್ರ ಹೇಳಿಕೊಡುವವಳು ವರ್ನಾ ಕೊಸ್ಕೆಲಾ. ಅವಳ ಕೋಣೆಯಲ್ಲಿ ಹಳದಿ ಬಣ್ಣಕ್ಕೆ ನಿಂಬೆಯ ವಾಸನೆ, ಕಂದು ಬಣ್ಣಕ್ಕೆ ದಾಲ್ಚಿನ್ನಿಯ ವಾಸನೆ. ಗೋಡೆಯ ಚಿತ್ರಗಳೆಲ್ಲ ಮಕ್ಕಳ ಕೈಗೆಟಕುವಷ್ಟು ಕೆಳಗೆ. ಮುಟ್ಟಿ ಮುಟ್ಟಿ ಸವೆದದ್ದೇ ಅವಳ ಪಾಲಿಗೆ ಒಳ್ಳೆಯ ಚಿತ್ರ. ಯಾರಾದರೂ ಮಗುವಿಗೆ "ಮುಟ್ಟಬೇಡ" ಎಂದರೆ ಉರಿದುಬೀಳುತ್ತಿದ್ದಳು.

ಒಂದು ಬೆಳಿಗ್ಗೆ ಪುಟ್ಟ ಟ್ಯಾನ್ಸಿಯ ಅಪ್ಪ ಡೆಲ್ಮರ್, ಮಗಳು ಅಂಟಿಸಿ ಮಾಡಿದ ಚಿತ್ರಕ್ಕೆ ಚೆಂದದ ಚೌಕಟ್ಟು ಹಾಕಿಸಿ ತಂದ.

"ನಿಮ್ಮ ಉಪಕಾರ ಮರೆಯಕ್ಕಾಗಲ್ಲ ಮೇಡಂ. ಇದು ನಿಮಗೆ."

ಟ್ಯಾನ್ಸಿ ಅದರ ಮೇಲೆ ಕೈಯಾಡಿಸಿದಳು. ತಣ್ಣನೆಯ ನುಣುಪು ಗಾಜು.

"ಅಪ್ಪಾ, ಇದು ಕಿಟಕಿ. ನನ್ನ ಚಿತ್ರ ಎಲ್ಲೋಯ್ತು?"

ಡೆಲ್ಮರನ ಮುಖ ಸಪ್ಪಗಾಯಿತು. "ಧೂಳು ಕೂರದಿರಲಿ ಅಂತ..."

ಬೈಯಲು ಬಾಯಿ ತೆರೆದಿದ್ದ ವರ್ನಾ ಆ ಮುಖ ನೋಡಿ ಮೆತ್ತಗಾದಳು. "ಧೂಳು ಕೂತ್ರೆ ಕೂರ್ಲಿ ಬಿಡಿ ಮಾರಾಯ್ರೇ! ಮೊದ್ಲು ಆ ಗಾಜು ತೆಗೀರಿ."

ಗಾಜು ಹೊರಬಂದದ್ದೇ ಟ್ಯಾನ್ಸಿ ಅಪ್ಪನ ಬೆರಳನ್ನು ಚಿತ್ರದ ಮೇಲಿಟ್ಟಳು. "ಕಣ್ಣು ಮುಚ್ಕೋ. ಕದ್ದು ನೋಡ್ಬಾರ್ದು. ಈ ಉಣ್ಣೆ ಅಮ್ಮ. ಇದು ನೀನು."

ಬೆರಳಿಗೆ ಸಿಕ್ಕಿದ್ದು ಮರ ಉಜ್ಜುವ ಉಪ್ಪುಕಾಗದದ ತುಂಡು.

"ನಾನ್ಯಾಕೆ ಇಷ್ಟು ಒರಟು?"

"ಗಡ್ಡ ಬೋಳಿಸ್ಕೊಳ್ಳಲ್ವಲ್ಲ ನೀನು! ಮುತ್ತು ಕೊಟ್ರೆ ಚುಚ್ಚುತ್ತೆ."

ಡೆಲ್ಮರ್ ನಕ್ಕ. ಆದರೆ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

ಆ ಚಿತ್ರ ಈಗಲೂ ಬಾಗಿಲ ಪಕ್ಕದಲ್ಲಿದೆ. ವರ್ನಾ ದಿನಾ ಬೆಳಿಗ್ಗೆ ಬಗ್ಗಿ, ಅದನ್ನೊಮ್ಮೆ ಸವರಿಯೇ ಒಳಗೆ ಹೋಗುತ್ತಾಳೆ. ಮಕ್ಕಳ ಕೈ ಆಡಿ ಆಡಿ ಡೆಲ್ಮರನ ಗಡ್ಡ ಪೂರ್ತಿ ನುಣ್ಣಗಾಗಿದೆ.