ಬದುವಿನ ಮೇಲಿನ ಐದು ಬಿಳಿ ಕಲ್ಲು

ಪುಟ್ಟಿ, ಚಿನ್ನು, ಈ ಮಾತನ್ನು ನಾನು ನಿಮ್ಮಪ್ಪನಿಗೂ ಹೇಳಿಲ್ಲ. ನಿಮ್ಮ ಮುತ್ಯಾ, ನನ್ನ ಯಜಮಾನರು, ಸುಳ್ಳುಗಾರ ಎಂದು ಯಾವುದೋ ಸರ್ಕಾರಿ ಕಾಗದದಲ್ಲಿ ಬರೆದಿದೆ. ಅದು ನನ್ನಿಂದ ಆದದ್ದು.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಜೋಳದ ದಂಟಿನ ಕಣಿಕೆಯ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುವುದು ನಿಮಗೆ ಗೊತ್ತು. ಆ ವರ್ಷ ಹಳೆಯ ಕಲ್ಲುಗಳು ಟ್ರ್ಯಾಕ್ಟರಿಗೆ ಸಿಕ್ಕಿ ಕಳೆದಿದ್ದವು. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕಿದ್ದ ಮುತ್ಯಾ, ಮೂಲೆ ಮುರಿದು ಎಸೆದಿದ್ದ ಐದು ದೊಡ್ಡ ಪರಸಿ ಚಪ್ಪಡಿ ತಂದರು. "ಇವು ಕಳಿಯಂಗಿಲ್ಲ ನೋಡು" ಎಂದು ನಕ್ಕರು. ಪೂಜೆಯಾದ ಮೇಲೆ ಕಣಿಕೆ ಎಮ್ಮೆಗಾಯಿತು. ಸುಣ್ಣ ಹಚ್ಚಿದ ಪರಸಿಗಳು ಬದುವಿನ ಮೇಲೆ ಸಾಲಾಗಿ ಉಳಿದವು. ಆ ಬದು ನೇರ ಹೋಗಿ ಮುಟ್ಟುವುದು ತಂತಿ ಬೇಲಿಯ ಸರ್ಕಾರಿ ಜಾಗವನ್ನು. ಅಲ್ಲಿ ಫೋಟೊ ತೆಗೆಯಬಾರದೆಂದು ಬೋರ್ಡಿದೆ.

ವಾರ ಕಳೆದು ಜೀಪಿನಲ್ಲಿ ಇಬ್ಬರು ಬಂದರು. ಪೊಲೀಸ್ ಬಟ್ಟೆ ಇರಲಿಲ್ಲ. ಯಾವ ಆಫೀಸು ಎಂದರೆ ಹೇಳಲಿಲ್ಲ. ಮಂಚದ ಮೇಲೆ ಒಂದು ಚಿತ್ರ ಹರಡಿದರು. ಆಕಾಶದಿಂದ ತೆಗೆದದ್ದಂತೆ. ನಮ್ಮ ಬಾವಿ, ಬೇವಿನ ಮರದ ನೆರಳು, ಬದುವಿನ ಮೇಲೆ ಐದು ಬಿಳಿ ಗುರುತು, ಅವುಗಳ ಸುತ್ತ ಕೆಂಪು ಗೆರೆ. ನಾನು ಮೀಯುವ ಹಿತ್ತಲೂ ಅದರಲ್ಲಿತ್ತು. ಬಾಗಿಲ ಹಿಂದೆ ನಿಂತಿದ್ದವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೆ.

ಈ ಗುರುತು ಯಾರಿಗೆ ದಾರಿ ತೋರಿಸಲಿಕ್ಕೆ ಎಂದು ಕೇಳಿದರು. ಮುತ್ಯಾ ಇದ್ದದ್ದನ್ನೇ ಹೇಳಿದರು. ಎರಡು ದಿನ ಬಿಟ್ಟು ಬರುತ್ತೇವೆ, ಕಲ್ಲು ತೋರಿಸು ಎಂದು ಹೋದರು.

ಮರುದಿನ ಮುತ್ಯಾ ಕೆಲಸಕ್ಕೆ ಹೋದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಲ್ಲೇ ಇಲ್ಲದಿದ್ದರೆ ಕೇಳುವುದೇನು ಎಂದುಕೊಂಡು ಹೊಲಕ್ಕೆ ಹೋದೆ. ಒಂದೊಂದಕ್ಕೂ ಕೈ ಮುಗಿದು, ಹಾರೆಯಿಂದ ಮೀಟಿ, ಬಾವಿಗೆ ಉರುಳಿಸಿದೆ. ಮುತ್ಯಾನಿಗೆ ಹೇಳಲು ಧೈರ್ಯ ಬರಲಿಲ್ಲ.

ಆ ಇಬ್ಬರು ಮತ್ತೆ ಬಂದಾಗ ಮುತ್ಯಾ ಚಪ್ಪಲಿ ಮೆಟ್ಟಿ, "ಬರ್ರಿ, ತೋರಸ್ತೀನಿ" ಎಂದು ಎದ್ದರು. ಅವರು ಏಳಲಿಲ್ಲ. ಹೊಸದೊಂದು ಚಿತ್ರ ತೆಗೆದಿಟ್ಟರು. ಅದರಲ್ಲಿ ಬದು ಖಾಲಿ.

ಒಬ್ಬ ನಾರಾಯಣಖೇಡದ ಕಡೆಯವನಿರಬೇಕು, ನಮ್ಮ ಮಾತಿನಲ್ಲೇ ಮೆಲ್ಲಗೆ ಕೇಳಿದ. "ಪಾಂಡವರು ವನವಾಸಕ್ಕ ಹೋದ್ರೇನೊ?"

ಮುತ್ಯಾ ಬಾಗಿಲ ಕಡೆ ನೋಡಿದರು. ನನ್ನ ಮುಖದಲ್ಲಿ ಎಲ್ಲ ಇತ್ತು. "ನಾನೇ ತಗದೀನ್ರಿ" ಎಂದರು. ಜೀಪಿನಲ್ಲಿ ಕೂರಿಸಿಕೊಂಡು ಜಹೀರಾಬಾದಿಗೆ ಒಯ್ದರು. ನಾನು ಹೊಸ್ತಿಲು ದಾಟಲಿಲ್ಲ.

ನಾಲ್ಕನೆಯ ದಿನ, ಸುಳ್ಳು ಹೇಳಿದ್ದಾನೆಂದು ಕಾಗದದಲ್ಲಿ ಬರೆದುಕೊಂಡು ಬಿಟ್ಟರು. ಹೊಡೆದಿರಲಿಲ್ಲ. ಆದರೆ ಸಾಯುವ ತನಕ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಸಹಿ ಹಾಕಿ ಬರಬೇಕಿತ್ತು. ಹೊಲದಲ್ಲಿ ಬುತ್ತಿ ಬಿಚ್ಚುವಾಗಲೂ ಮೇಲಿನಿಂದ ಕಾಣದಂತೆ ಮರದ ಬುಡ ಹುಡುಕಿ ಕೂರುತ್ತಿದ್ದರು. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಒಮ್ಮೆ ಕೇಳಿದೆ.

"ನಿನ್ನ ಒಬ್ಬಾಕಿನ್ನೇ ಖೋಲ್ಯಾಗ ಕೂಡಿಸಿ ಕೇಳತಿದ್ರು. ಅವರ ಮುಂದ ನಿನಗ ಬಾಯಿ ಬರಂಗಿಲ್ಲ" ಎಂದರು.

ಆ ಕಾಗದ ಯಾವ ಕಪಾಟಿನಲ್ಲಿದೆಯೋ ತಿಳಿಯದು. ನಾಳೆ ನಿಮ್ಮ ನೌಕರಿಗೆ ಮನೆತನ ವಿಚಾರಿಸಲು ಬಂದವರು ಅದನ್ನು ತೆಗೆಯಬಹುದು. ಆಗ ಇದನ್ನು ತೋರಿಸಿ. ಕಲ್ಲು ಉರುಳಿಸಿದವಳು ನಾನು, ಅವು ಪಾಂಡವರ ಕಲ್ಲೆಂದು ಮುತ್ಯಾ ಹೇಳಿದ್ದು ನಿಜ. ಕೆಳಗೆ ಸಹಿ ಹಾಕಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.