ಹೊರಮಾವಿನ ಜ್ವರ, ಯಾದಗಿರಿಯ ವಿಳಾಸ

ರೋಗ ಕಣ್ಗಾವಲು ವಿಭಾಗದಲ್ಲಿ ನನಗದು ಮೊದಲ ಮಳೆಗಾಲ. ನಗರದಂಚಿನ ಹೊರಮಾವಿನ ಬಾಡಿಗೆ ಕೋಣೆಯೊಂದರಲ್ಲಿದ್ದ ಹುಡುಗಿಗೆ ಡೆಂಗಿ ಖಚಿತವಾಯಿತು. ಆಧಾರ್‌ನಲ್ಲಿ ಯಾದಗಿರಿಯ ವಿಳಾಸವಿದ್ದುದರಿಂದ ಮೇಲಧಿಕಾರಿ ಕೇಸನ್ನು ಆ ಜಿಲ್ಲೆಗೆ ವರ್ಗಾಯಿಸಿದರು. "ನಮ್ಮ ವಾರ್ಡ್ ಕ್ಲೀನಾಗಿರ್ಲಿ ಬಿಡಿ ಮೇಡಂ," ಎಂದು ನಕ್ಕರು. ಸೊಳ್ಳೆಗೆ ಹೊಗೆ ಹೊಡೆಯುವ ಅಲ್ಲಿನ ಸಿಬ್ಬಂದಿ ಆ ವಿಳಾಸಕ್ಕೇ ಹೋದರು.

ಕಟ್ಟಡ ಕೆಲಸ ಮಾಡುವ ಅವಳ ತಾಯಿ ನನ್ನನ್ನು ತಡೆದು ಕೇಳಿದಳು: "ಸೊಳ್ಳಿ ಇಲ್ಲಿ ಅದಾವ್ರಿ ಅಕ್ಕಾರ. ಊರಾಗ ಹೊಗಿ ಹೊಡದ್ರ ಏನ್ ಬಂತು? ನನ್ನ ಸಣ್ಣ ಮಗಾನೂ ಇಲ್ಲೇ ಮಲಗತಾನ."

ಮೇಲಧಿಕಾರಿಯ ಬಳಿ ಮತ್ತೆ ಹೋದೆ. ದಾಖಲೆಯಲ್ಲಿ ಕೇಸೇ ಇಲ್ಲದ ಓಣಿಗೆ ಹೊಗೆ ಯಂತ್ರ ಕಳಿಸಲಾಗದು ಎಂದರು.

ಕೆಲವೇ ದಿನಗಳಲ್ಲಿ ಆ ಮಗನಿಗೂ ಡೆಂಗಿ ಬಂತು. ಅವನ ಕೇಸೂ ಯಾದಗಿರಿಗೆ ಹೋಯಿತು. ಕ್ರಮ ಕೈಗೊಂಡಿದ್ದಕ್ಕೆ ಸಾಕ್ಷಿಯಾಗಿ ಅಲ್ಲಿಂದ ಫೋಟೊ ಬಂತು: ಅವರ ಊರಿನ ಮನೆಯ ಬೀಗ ಹಾಕಿದ ಬಾಗಿಲು, ಸುತ್ತ ದಟ್ಟ ಹೊಗೆ.