ನಾಲ್ಕು ಸುತ್ತಿನ ಮೇಲೆ ಮೂರು

ಕಳೆದ ಶನಿವಾರ ಬೆಳಿಗ್ಗೆ ಲಂಡನ್ನಿನಂಚಿನ ಪಿನ್ನರಿನ ನಮ್ಮ ಅಡುಗೆಮನೆಯಲ್ಲಿ ಮಗಳು ಹರಳೆಣ್ಣೆ ಸುಟ್ಟಳು. ಕೂದಲು ದಟ್ಟವಾಗುತ್ತದೆಂದು ಫೋನಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ಕೆಂಟನ್ನಿನ ಅಂಗಡಿಯಿಂದ ಬಾಟಲಿ ತಂದು, ಒಲೆಯ ಮೇಲೆ ಬಿಸಿಗಿಟ್ಟು, ಅದೇ ಫೋನು ನೋಡುತ್ತ ನಿಂತಿದ್ದಳು. ಹೊಗೆಯೆದ್ದು ಅಲಾರಂ ಕೂಗಿಕೊಂಡಿತು. ಹೆಂಡತಿ ಮಹಡಿಯಿಂದಲೇ ಬೈಯತೊಡಗಿದಳು. ನಾನೊಬ್ಬ ಮಾತ್ರ ಬಾಗಿಲಲ್ಲಿ ನಿಂತು ಮೂಗೆತ್ತಿ ಆ ವಾಸನೆಯನ್ನು ಎಳೆದುಕೊಳ್ಳುತ್ತಿದ್ದೆ.

ಹರಳೆಣ್ಣೆ ಎಂದರೆ ನಿಮಗೆ ಏನು ನೆನಪಾಗುತ್ತದೆಂದು ಊಹಿಸಬಲ್ಲೆ. ಅಭ್ಯಂಜನ, ಕಣ್ಣುರಿ, ಹೊಟ್ಟೆ ತೊಳೆಯಲೆಂದು ಮೂಗು ಹಿಡಿದು ಕುಡಿಸಿದ್ದು. ಧಾರವಾಡದಲ್ಲಿ ಅದನ್ನು ಔಡಲೆಣ್ಣಿ ಎನ್ನುತ್ತ ಬೆಳೆದ ನನಗೂ ಅಷ್ಟೇ ನೆನಪಾಗಬೇಕಿತ್ತು. ಆದರೆ ಸುಟ್ಟ ಹರಳೆಣ್ಣೆ ಎಂದರೆ ನನಗೆ ತೊಂಬತ್ತರ ದಶಕದ ಪೂರ್ವ ಲಂಡನ್, ಭಾನುವಾರದ ಮಧ್ಯಾಹ್ನ. ಸ್ಪೀಡ್‌ವೇ ಬೈಕುಗಳ ಇಂಜಿನ್ನಿಗೆ ಹಾಕುತ್ತಿದ್ದುದು ಅದೇ ಎಣ್ಣೆ.

ಸ್ಪೀಡ್‌ವೇ ನೋಡದವರಿಗೆ ಎರಡು ಮಾತು ಹೇಳಬೇಕು. ಮೊಟ್ಟೆಯಾಕಾರದ ಕೆಂಪು ಮಣ್ಣಿನ ಹಾದಿ. ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷ. ಬೈಕಿಗೆ ಬ್ರೇಕ್ ಎಂಬುದೇ ಇಲ್ಲ. ತಿರುವಿನಲ್ಲಿ ಎಡಗಾಲನ್ನು ನೆಲಕ್ಕೆ ಕೊಟ್ಟು ಅಡ್ಡಡ್ಡ ಜಾರಿಸುತ್ತಾರೆ. ಇಂಥ ಹದಿನೈದು ರೇಸ್ ಸೇರಿದರೆ ಒಂದು ಪಂದ್ಯ. ಡಾಕ್ಟರಿಲ್ಲದೆ ಒಂದು ರೇಸೂ ಶುರುವಾಗುವಂತಿಲ್ಲ. ಬಿದ್ದವನು ಮತ್ತೆ ಬೈಕು ಹತ್ತಬಹುದೇ ಎಂದು ಹೇಳಬೇಕಾದವನೂ ಆ ಡಾಕ್ಟರನೇ. ಅವನು ಬೇಡ ಎಂದರೆ ಬೇಡ.

ಆಗೊಂದು ವರ್ಷ ಹೊಸ ತಂಡವೊಂದು ಮೊದಲ ಬಾರಿಗೆ ಲೀಗಿಗೆ ಇಳಿದಿತ್ತು. ಅವರಿಗೊಬ್ಬ ಡಾಕ್ಟರ್ ಬೇಕಿತ್ತು. ನಾನು ಆಗ ಕಿರಿಯ ಡಾಕ್ಟರಾಗಿದ್ದ ಆಸ್ಪತ್ರೆಯ ಹಿರಿಯರೊಬ್ಬರು ಒಪ್ಪಿಕೊಂಡು, ಆಮೇಲೆ ಗಾಲ್ಫ್ ನೆನಪಾಗಿ, ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. "ಬೈಕ್ ಇಷ್ಟವೇನಯ್ಯಾ?" ಎಂದು ಕೇಳಿದಾಗ ಹೌದೆಂದೆ. ನನ್ನ ಅನುಭವವೆಲ್ಲ ಕಾಲೇಜು ದಿನಗಳಲ್ಲಿ ಏರು ಬಂದರೆ ಇಳಿದು ತಳ್ಳಬೇಕಾಗುತ್ತಿದ್ದ ಒಂದು ಮೊಪೆಡ್ಡಿನದು.

ನಿಜ ಹೇಳುತ್ತೇನೆ, ಅವರು ಆನೆ ಇಷ್ಟವೇ ಎಂದು ಕೇಳಿದ್ದರೂ ಹೌದೆನ್ನುತ್ತಿದ್ದೆ. ಆಗ ಇಲ್ಫರ್ಡಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ವಾರವೆಲ್ಲ ಡ್ಯೂಟಿಯಲ್ಲಿ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಕಳೆಯುತ್ತಿರಲಿಲ್ಲ. ಗೋಡೆಯಾಚೆಯ ಮನೆಯಲ್ಲಿ ಒಗ್ಗರಣೆ ಸಿಡಿಯುವುದು, ಮಕ್ಕಳು ಮೆಟ್ಟಿಲು ಹತ್ತಿ ಇಳಿಯುವುದು, ನೆಂಟರು ಬಂದು ನಗುವುದು ಎಲ್ಲವೂ ಕೇಳಿಸುತ್ತಿತ್ತು. ಬಟ್ಟೆ ಒಗೆಯುವ ಅಂಗಡಿಗೆ ಹೋಗಿ, ಮೆಷಿನ್ನಿನಲ್ಲಿ ನನ್ನ ಅಂಗಿಗಳು ತಿರುಗುವುದನ್ನು ಮುಗಿಯುವವರೆಗೂ ನೋಡುತ್ತ ಕೂರುತ್ತಿದ್ದೆ. ಅವ್ವ ಫೋನಿನಲ್ಲಿ ಪ್ರತಿ ವಾರ ಕೇಳುತ್ತಿದ್ದಳು: "ಗೆಳ್ಯಾರು ಯಾರರ ಆಗ್ಯಾರೇನಪಾ?"

"ಆಗ್ಯಾರವ್ವಾ."

"ಅವರ ಮನೀಗೆ ಹೋಗ್ತಿಯೇನು?"

"ಹೋಗ್ತೀನಿ." ಎರಡೂ ಸುಳ್ಳು.

ಮೊದಲ ಪಂದ್ಯಕ್ಕೆ ಸೂಟು, ಟೈ ಹಾಕಿಕೊಂಡು ಹೋದೆ. ಡಾಕ್ಟರಲ್ಲವೇ! ಬೇಲಿಯ ಪಕ್ಕ, ಮೊದಲ ತಿರುವಿನಲ್ಲೇ ನಿಂತೆ. ನಾಲ್ಕು ಬೈಕುಗಳು ಆ ತಿರುವು ತೆಗೆದುಕೊಂಡ ಮೇಲೆ, ಮೈಯೆಲ್ಲ ಕೆಂಪು ಕೆಸರು ಸಿಡಿದು, ರಂಗಪಂಚಮಿ ಆಡಿ ಬಂದವನ ಹಾಗಿದ್ದೆ. ತಂಡದ ಮ್ಯಾನೇಜರ್ ಕೆನ್ ಎಂಬ ದಪ್ಪ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕು, ಒಂದು ಮಗ್ ಚಹಾ ಕೊಟ್ಟು, ತಂಡದ ಜಾಕೆಟ್ಟೊಂದನ್ನು ಹೊದಿಸಿದ. ಅಂದಿನಿಂದ ನಾನು "ಡಾಕ್" ಆದೆ. ಆ ದಿನ ನಾವು ಸೋತೆವು. ಎರಡನೆಯದನ್ನೂ ಮೂರನೆಯದನ್ನೂ ಸೋತೆವು. "ನಾವು" ಎಂದು ಯಾವಾಗ ಅನ್ನತೊಡಗಿದೆನೋ ನನಗೇ ತಿಳಿಯಲಿಲ್ಲ.

ಸವಾರರಲ್ಲಿ ಮಿಕ್ ಎಂಬವನು ಆಸ್ಟ್ರೇಲಿಯಾದಿಂದ ಬಂದವನು, ಮೂವತ್ತು ದಾಟಿದವನು. ಯಾರದೋ ಗ್ಯಾರೇಜಿನ ಮೇಲಿನ ಕೋಣೆಯಲ್ಲಿದ್ದ. ರೇಸಿಗೆ ಮುನ್ನ ಇಬ್ಬರೂ ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಅವನಿಗೆ ಕ್ರಿಕೆಟ್ ಹುಚ್ಚು. "ಅಮ್ಮನಿಗೆ ಫೋನ್ ಮಾಡಿದೆಯಾ ಡಾಕ್?" ಎಂದು ಕೇಳುವವನು ಆ ದೇಶದಲ್ಲಿ ಅವನೊಬ್ಬನೇ ಇದ್ದ. ಮುಂದಿನ ವಾರ ಅವ್ವನಿಗೆ ಗೆಳೆಯರಿದ್ದಾರೆ ಎಂದಾಗ ನನ್ನ ದನಿ ಬೇರೆಯಾಗಿತ್ತು. ಅವಳಿಗೂ ಗೊತ್ತಾಗಿರಬೇಕು, ಮತ್ತೆ ಕೇಳಲಿಲ್ಲ.

ನಾಲ್ಕನೆಯ ಪಂದ್ಯ. ಹದಿಮೂರನೆಯ ರೇಸಿನಲ್ಲಿ ಮಿಕ್ ತಿರುವಿನಲ್ಲಿ ಬಿದ್ದು ಬೇಲಿಗೆ ಹೋಗಿ ಬಡಿದ. ಓಡಿದೆ. ಎದ್ದು ಕೂತಿದ್ದ, ನಗುತ್ತಿದ್ದ. ಕೈಕಾಲು ಸರಿಯಿದ್ದವು. ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದೆ. ಇವತ್ತು ಯಾವ ವಾರ? ಭಾನುವಾರ. ಯಾವ ಊರು? ಲಂಡನ್. ಯಾರ ಜೊತೆ ಪಂದ್ಯ? ಅವನು ಹಿಂದಿನ ವಾರದ ತಂಡದ ಹೆಸರು ಹೇಳಿದ. ತಲೆಗೆ ಪೆಟ್ಟಾಗಿತ್ತು.

ಇನ್ನೆರಡು ರೇಸ್ ಉಳಿದಿದ್ದವು. ಹದಿನಾಲ್ಕನೆಯದು ಮುಗಿಯುವ ಹೊತ್ತಿಗೆ ಎರಡು ತಂಡಗಳೂ ಸಮ. ಕೊನೆಯ ರೇಸಿಗೆ ಕೆನ್ ಮಿಕ್‌ನನ್ನು ಬಿಟ್ಟು ಇನ್ನಾರನ್ನು ಕಳಿಸಿಯಾನು? ಅವನು ನನ್ನ ಹತ್ತಿರ ಬಂದು, "ಏನಂತೀಯ ಡಾಕ್?" ಎಂದ. ಮಿಕ್ ಆಗಲೇ ಹೆಲ್ಮೆಟ್ ಹಾಕಿಕೊಂಡು, "ಬಿಡು ಡಾಕ್, ನಾನು ಸರಿಯಾಗಿದ್ದೇನೆ" ಎನ್ನುತ್ತಿದ್ದ. ಬೇಲಿಯುದ್ದಕ್ಕೂ ಜನ ನನ್ನನ್ನೇ ನೋಡುತ್ತಿದ್ದರು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. "ಓಕೆ" ಎಂದುಬಿಟ್ಟೆ.

ಮಿಕ್ ಮೊದಲಿಗನಾಗಿ ಬಂದ. ತಂಡದ ಮೊದಲ ಗೆಲುವು. ಕೆನ್ ನನ್ನನ್ನು ಎತ್ತಿ ತಿರುಗಿಸಿದ. ಗುರುತಿಲ್ಲದ ಹೆಂಗಸರು ಕೆನ್ನೆಗೆ ಮುತ್ತಿಟ್ಟರು. ಅತ್ತ ಮಿಕ್ ನಿಲ್ಲಿಸಲಿಲ್ಲ. ಐದನೆಯ ಸುತ್ತು ಹೊರಟ. ಉಳಿದ ಮೂವರು ಹಾದಿ ಬಿಟ್ಟು ಒಳಗೆ ಹೋದರು. ಖುಷಿಗೆ ಸುತ್ತುತ್ತಿದ್ದಾನೆಂದು ಜನ ಚಪ್ಪಾಳೆ ತಟ್ಟಿದರು. ಆರನೆಯದು. ಕೈ ಎತ್ತಲಿಲ್ಲ, ಯಾರತ್ತಲೂ ನೋಡಲಿಲ್ಲ, ಇನ್ನೂ ರೇಸಿನಲ್ಲಿದ್ದವನ ಹಾಗೆ ಮೈ ಬಗ್ಗಿಸಿ ಓಡಿಸುತ್ತಿದ್ದ. ಏಳನೆಯದು. ಅಷ್ಟು ಜನರ ನಡುವೆ ನಾನೊಬ್ಬನೇ ಎಣಿಸುತ್ತಿದ್ದೆ. ಬ್ರೇಕಿಲ್ಲದ ಬೈಕು. ಕೊನೆಗೆ ಅವನ ಮೆಕ್ಯಾನಿಕ್ ಹಾದಿಗಿಳಿದು ಕೈ ಬೀಸಿದಾಗ ವೇಗ ಇಳಿಸಿ, ಹುಲ್ಲಿನ ಮೇಲೆ ಮೆಲ್ಲಗೆ ವಾಲಿಬಿದ್ದ.

ಮರುದಿನ ನಮ್ಮದೇ ಆಸ್ಪತ್ರೆಯ ವಾರ್ಡಿನಲ್ಲಿ ಅವನನ್ನು ನೋಡಿದೆ. ಹೆಚ್ಚಿನ ಅಪಾಯವೇನೂ ಆಗಿರಲಿಲ್ಲ. ಅದು ಅದೃಷ್ಟ, ನನ್ನ ವೈದ್ಯವಲ್ಲ. "ನಾವು ಗೆದ್ದೆವಾ ಡಾಕ್?" ಎಂದು ಕೇಳಿದ. ನೀನೇ ಗೆಲ್ಲಿಸಿದೆ ಎಂದೆ. ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದ, ಕೊನೆಯ ರೇಸಿಗೆ ಹೋಗಲು ಬಿಟ್ಟೆಯಲ್ಲ ಅಂತ. ಆ ಥ್ಯಾಂಕ್ಸನ್ನು ನಾನು ತಡೆದುಕೊಳ್ಳಲಾರದೆ ಹೋದೆ. ಕೆನ್‌ಗೆ ಫೋನ್ ಮಾಡಿ, ಆಸ್ಪತ್ರೆಯ ಡ್ಯೂಟಿ ರೋಟಾ ಬದಲಾಗಿದೆ, ಇನ್ನು ಭಾನುವಾರ ಬರಲಾಗುವುದಿಲ್ಲ ಎಂದೆ. ರೋಟಾ ಬದಲಾಗಿರಲಿಲ್ಲ. ಜಾಕೆಟ್ಟನ್ನು ಅಂಚೆಯಲ್ಲಿ ಕಳಿಸಿದೆ. ಮುಂದಿನ ಭಾನುವಾರ ಮತ್ತೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೂತಿದ್ದೆ.

ಈ ಕತೆಯನ್ನು ಕನ್ನಡ ಬಳಗದ ಊಟಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸೂಟು, ಕೆಸರು, ಹದಿಮೂರನೆಯ ರೇಸಿನಲ್ಲಿ ಬಿದ್ದದ್ದು, ಕೊನೆಯ ರೇಸು, ಖುಷಿ ತಡೆಯದೆ ಮೂರು ಸುತ್ತು ಹೆಚ್ಚಿಗೆ ಹೊಡೆದ ಆಸ್ಟ್ರೇಲಿಯನ್. ಎಲ್ಲರೂ ನಗುತ್ತಾರೆ. ಶನಿವಾರವೂ ಹೊಗೆ ಆರಿದ ಮೇಲೆ ಮಗಳ ಮುಂದೆ ಹಾಗೆಯೇ ಹೇಳಿದೆ. ಅವಳು ಚಿಕ್ಕಂದಿನಿಂದ ಕೇಳಿದ್ದಾಳೆ. ಆದರೆ ಈಗ ಆರು ತಿಂಗಳಿಂದ ಅಪಘಾತ ವಿಭಾಗದಲ್ಲಿ ಡಾಕ್ಟರು.

"ಅಪ್ಪಾ, ವೇಟ್," ಎಂದಳು. "ಹದಿಮೂರರಲ್ಲಿ ಬಿದ್ದ, ಆಮೇಲೆ ತ್ರೀ ಎಕ್ಸ್‌ಟ್ರಾ ಲ್ಯಾಪ್ಸ್? ದಟ್ಸ್ ನಾಟ್ ಸೆಲೆಬ್ರೇಟಿಂಗ್. ಡಿಡ್ ಯು ನೋ?"

"ಗೊತ್ತಿತ್ತು," ಎಂದೆ. "ರೇಸಿಗಿಂತ ಮೊದಲ ಗೊತ್ತಿತ್ತು."

"ದೆನ್ ವೈ?"

"ಬ್ಯಾಡ ಅಂದಿದ್ರ, ಮುಂದಿನ ಭಾನುವಾರ ಎಲ್ಲಿಗೆ ಹೋಗ್ಲಿ ಅನಿಸ್ತು."

ಪರವಾಗಿಲ್ಲ ಅನ್ನುತ್ತಾಳೇನೋ ಎಂದು ಕಾದೆ. ಅನ್ನಲಿಲ್ಲ, ಎದ್ದೂ ಹೋಗಲಿಲ್ಲ.